ಉಳಿಸಿದ್ದೇ ಮೂಡುತ್ತದೆ: ರಬ್ಬರ್ ಮುದ್ರೆಯನ್ನು ಕೈಯಿಂದ ಕೆತ್ತುವ ಬಗೆ

ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಪೇಟೆಗಳಲ್ಲಿ ಸರ್ಕಾರಿ ಕಚೇರಿಗಳ ಆಸುಪಾಸು ರಬ್ಬರ್ ಸ್ಟ್ಯಾಂಪ್ ಮಾಡಿಕೊಡುವ ಅಂಗಡಿ ಇದ್ದೇ ಇರುತ್ತದೆ. ಹೆಸರು, ಹುದ್ದೆ ಬರೆದುಕೊಟ್ಟರೆ ಸಾಕು, ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ, ಬೆಳಕಿಗೆ ಗಟ್ಟಿಯಾಗುವ ಪಾಲಿಮರ್‌ನಿಂದಲೋ ಲೇಸರ್ ಯಂತ್ರದಿಂದಲೋ ಮುದ್ರೆ ತಯಾರಿಸಿ ಕೈಗೆ ಕೊಡುತ್ತಾರೆ. ಈ ಲೇಖನ ಆ ಮುದ್ರೆಯ ಬಗ್ಗೆ ಅಲ್ಲ. ಮಕ್ಕಳ ಕಂಪಾಸ್ ಪೆಟ್ಟಿಗೆಯಲ್ಲಿರುವ ಅಳಿಸುವ ರಬ್ಬರಿನ ಮೇಲೆ ಒಂದು ಹೂವನ್ನೋ ಹಕ್ಕಿಯನ್ನೋ ತಮ್ಮ ಹೆಸರಿನ ಮೊದಲ ಅಕ್ಷರವನ್ನೋ ಕೈಯಿಂದ ಕೆತ್ತಿ, ಶಾಯಿ ಹಚ್ಚಿ, ಕಾಗದದ ಮೇಲೆ ಒತ್ತುವ ಹವ್ಯಾಸದ ಬಗ್ಗೆ. ಐದು ಹತ್ತು ರೂಪಾಯಿಯ ರಬ್ಬರು, ಒಂದು ಹರಿತವಾದ ಅಲಗು, ಒಂದು ಸ್ಟ್ಯಾಂಪ್ ಪ್ಯಾಡ್ ಇದ್ದರೆ ಕೆಲಸ ಶುರುವಾಗುತ್ತದೆ. ಶುರು ಮಾಡುವುದು ಸುಲಭ. ಆದರೆ ಅದರೊಳಗಿನ ತರ್ಕ ಮಾತ್ರ ಬರೆಯುವ, ಬಣ್ಣ ಹಚ್ಚುವ ನಮ್ಮ ರೂಢಿಗೆ ಪೂರ್ತಿ ತಿರುವುಮುರುವು. ಆ ತರ್ಕ ಒಮ್ಮೆ ಮನಸ್ಸಿಗೆ ಹೊಕ್ಕರೆ ಕೈ ತಾನಾಗಿಯೇ ಕಲಿಯುತ್ತದೆ.

ಪೆನ್ಸಿಲ್ಲಿನಿಂದ ಬರೆಯುವಾಗ ನಾವು ಖಾಲಿ ಹಾಳೆಗೆ ಗೆರೆಯನ್ನು ಸೇರಿಸುತ್ತೇವೆ. ಮುದ್ರೆಯನ್ನು ಕೆತ್ತುವಾಗ ಸೇರಿಸುವುದು ಏನೂ ಇಲ್ಲ, ಇರುವುದು ತೆಗೆಯುವುದಷ್ಟೇ. ರಬ್ಬರಿನ ಮುಖದಲ್ಲಿ ಎಲ್ಲಿ ಕೊರೆದಿದ್ದೇವೆಯೋ ಅಲ್ಲಿಗೆ ಶಾಯಿ ತಾಗುವುದಿಲ್ಲ, ಹಾಗಾಗಿ ಆ ಜಾಗ ಕಾಗದದಲ್ಲಿ ಬಿಳಿಯಾಗಿ ಉಳಿಯುತ್ತದೆ. ಎಲ್ಲಿ ಮುಟ್ಟದೆ ಬಿಟ್ಟಿದ್ದೇವೆಯೋ ಆ ಮೇಲ್ಮೈಗೆ ಶಾಯಿ ಹತ್ತಿ ಅದೇ ಚಿತ್ರವಾಗಿ ಮೂಡುತ್ತದೆ. ಬಾದಾಮಿಯ ಮೂರನೆಯ ಗುಹೆಗೆ ಹೋಗಿ ನಿಂತು ನೋಡಿದರೆ ಈ ಮಾತು ಸುಲಭವಾಗಿ ತಿಳಿಯುತ್ತದೆ. ಮಂಗಲೇಶನ ಶಾಸನದಿಂದ ಅದರ ಕಾಲ ಕ್ರಿ.ಶ. 578 ಎಂದು ಗೊತ್ತಾಗಿದೆ. ಅಲ್ಲಿನ ಕಂಬಗಳನ್ನು ಯಾರೂ ಹೊರಗಿನಿಂದ ತಂದು ನಿಲ್ಲಿಸಲಿಲ್ಲ. ಸುತ್ತಲಿನ ಮರಳುಗಲ್ಲನ್ನು ತೆಗೆದುಹಾಕಿದ ಮೇಲೆ ಉಳಿದ ಬಂಡೆಯೇ ಕಂಬ. ಶೇಷನ ಮೇಲೆ ಕುಳಿತ ವಿಷ್ಣುವೂ ಹಾಗೆಯೇ ಬಂಡೆಯಲ್ಲಿ ಉಳಿಸಿಕೊಂಡ ಭಾಗ. ಕೆತ್ತುವ ಮೊದಲು ಶಿಲ್ಪಿ ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಏನನ್ನು ಉಳಿಸಲಿ ಎಂಬುದು. ಎರಡು ಬೆರಳಿನ ಅಗಲದ ರಬ್ಬರನ್ನು ಹಿಡಿದ ಮಗುವಿನ ಪ್ರಶ್ನೆಯೂ ಅದೇ.

ಇಲ್ಲೊಂದು ಭೇದವನ್ನು ಬಿಡಿಸಿಕೊಳ್ಳಬೇಕು, ಏಕೆಂದರೆ ಹೊಸಬರು ಸಾಮಾನ್ಯವಾಗಿ ಗೊಂದಲಕ್ಕೆ ಬೀಳುವುದು ಇಲ್ಲಿ. ಮುದ್ರೆಗಳಲ್ಲಿ ಎರಡು ಕುಲ. ಹರಪ್ಪ, ಮೊಹೆಂಜೊದಾರೊದಲ್ಲಿ ಸಿಕ್ಕ ಬಳಪದ ಕಲ್ಲಿನ ಚೌಕ ಮುದ್ರೆಗಳಲ್ಲಿ ಗೂಳಿಯನ್ನೂ ಅಕ್ಷರಗಳನ್ನೂ ತಗ್ಗಾಗಿ ಕೊರೆದಿದ್ದಾರೆ. ಅವನ್ನು ಹಸಿ ಮಣ್ಣಿಗೆ ಒತ್ತಿದರೆ ಮಣ್ಣು ಆ ತಗ್ಗಿನೊಳಗೆ ನುಗ್ಗಿ ಗೂಳಿ ಉಬ್ಬಾಗಿ ಬರುತ್ತದೆ. ಅರಗಿನ ಮುದ್ರೆಯೂ ಇದೇ ಕುಲದ್ದು. ಶಾಯಿಯ ಮುದ್ರೆಯದು ಇದಕ್ಕೆ ವಿರುದ್ಧವಾದ ನಡೆ. ಶಾಯಿ ತಗ್ಗಿಗೆ ಇಳಿಯುವುದಿಲ್ಲ, ಎತ್ತರದ ಮೇಲೆಯೇ ನಿಲ್ಲುತ್ತದೆ. ಆದ್ದರಿಂದ ಕಾಣಬೇಕಾದ ಗೆರೆ ಎತ್ತರದಲ್ಲಿರಬೇಕು, ಸುತ್ತಲಿನದು ತಗ್ಗಿಗೆ ಇಳಿಯಬೇಕು. ಅಚ್ಚುಕೂಟದ ಸೀಸದ ಮೊಳೆಗಳು ಈ ಎರಡನೆಯ ಕುಲದವು. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ನಡೆಸಿದ ಹಿತಚಿಂತಕ ಮುದ್ರಣಾಲಯದಲ್ಲಿ ವಚನಗಳನ್ನು ಒಂದೊಂದೇ ಮೊಳೆಯಾಗಿ ಜೋಡಿಸಿದ ಕೈಗಳು ಉಬ್ಬಿನ ಮೇಲೆ ನಿಂತ, ಎಡಬಲ ತಿರುಗಿದ ಕನ್ನಡ ಅಕ್ಷರಗಳನ್ನು ಓದಲು ಬಲ್ಲ ಕೈಗಳೇ ಆಗಿದ್ದವು.

ರಬ್ಬರು ಯಾಕೆ ಹೀಗೆ ಕೆತ್ತಿಸಿಕೊಳ್ಳುತ್ತದೆ

ರಬ್ಬರ್ ಮರದ ಹಾಲಿನಿಂದ ಬಂದ ವಸ್ತು ಪೆನ್ಸಿಲ್ ಗೆರೆಯನ್ನು ಅಳಿಸುತ್ತದೆ ಎಂದು ಇಂಗ್ಲೆಂಡಿನ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ಬರೆದದ್ದು 1770ರಲ್ಲಿ. ಆದರೆ ಆ ಕಾಲದ ರಬ್ಬರು ಬೇಸಿಗೆಯಲ್ಲಿ ಅಂಟಾಗುತ್ತಿತ್ತು, ಚಳಿಯಲ್ಲಿ ಬಿರಿಯುತ್ತಿತ್ತು. ಗಂಧಕ ಸೇರಿಸಿ ಕಾಯಿಸಿದರೆ ಅದು ಹದಕ್ಕೆ ಬರುತ್ತದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡು, 1844ರಲ್ಲಿ ಪೇಟೆಂಟ್ ಪಡೆದ. ಶಾಯಿಯನ್ನು ಹಿಡಿದು, ಮತ್ತೆ ಮತ್ತೆ ಒತ್ತಿದರೂ ಆಕಾರಗೆಡದ ರಬ್ಬರ್ ಮುದ್ರೆ ಹುಟ್ಟಿದ್ದು ಅದರ ನಂತರವೇ.

ಈಗಿನ ಶಾಲೆಯ ಬಿಳಿ ರಬ್ಬರುಗಳಲ್ಲಿ ಹೆಚ್ಚಿನವು ಮರದ ಹಾಲಿನವಲ್ಲ. ಅವು ಪಿವಿಸಿ ಪ್ಲಾಸ್ಟಿಕ್ಕಿಗೆ ಮೆದುಗೊಳಿಸುವ ಎಣ್ಣೆಯಂಥ ದ್ರವ್ಯವನ್ನು ಬೆರೆಸಿ ಮಾಡಿದವು. ಕೆತ್ತುವವರಿಗೆ ಇದರಿಂದ ಲಾಭವೇ ಆಗಿದೆ. ನಿಜವಾದ ರಬ್ಬರಿಗೆ ಸ್ಪ್ರಿಂಗಿನ ಗುಣ ಜಾಸ್ತಿ. ಸೈಕಲ್ ಟ್ಯೂಬನ್ನು ಅಲಗಿನಿಂದ ಗೀರಲು ಹೋದರೆ ಅದು ಎಳೆದುಕೊಂಡು ಜಾರುತ್ತದೆ. ಬಿಳಿ ರಬ್ಬರಿನಲ್ಲಿ ಆ ಎಳೆತ ಕಡಿಮೆ, ಅಲಗು ಹೋದ ದಾರಿಯಲ್ಲಿ ನೀಟಾಗಿ ಕತ್ತರಿಸಿಕೊಳ್ಳುತ್ತದೆ. ಮರದಲ್ಲಿರುವಂತೆ ನಾರಿನ ದಿಕ್ಕೂ ಇದಕ್ಕಿಲ್ಲ. ಸಾಗವಾನಿ ಹಲಗೆಯಲ್ಲಿ ನಾರಿನ ಜೊತೆಗೆ ಉಳಿ ಓಡಿಸುವುದೇ ಬೇರೆ, ಅಡ್ಡಕ್ಕೆ ಓಡಿಸುವುದೇ ಬೇರೆ. ರಬ್ಬರಿನಲ್ಲಿ ಎಲ್ಲ ದಿಕ್ಕೂ ಒಂದೇ ಆದ್ದರಿಂದ ಉಂಗುರದಂಥ ಗೆರೆಯನ್ನೂ ಮೊದಲ ವಾರದಲ್ಲೇ ಕೆತ್ತಬಹುದು.

ಇವೆರಡರ ನಡುವೆ ಲಿನೋಲಿಯಮ್ ಎಂಬ ಇನ್ನೊಂದು ವಸ್ತು ಇದೆ. ಅಗಸೆ ಎಣ್ಣೆ, ಬೆಂಡಿನ ಪುಡಿಗಳನ್ನು ಸೆಣಬಿನ ಬಟ್ಟೆಯ ಮೇಲೆ ಹರಡಿ ಮಾಡಿದ ನೆಲಹಾಸು ಅದು. ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ 1860ರ ದಶಕದಲ್ಲಿ ಅದನ್ನು ರೂಪಿಸಿದ. ಕಾಲು ತುಳಿಯಲೆಂದು ಬಂದದ್ದನ್ನು ಕಲಾವಿದರು ಕೆತ್ತನೆಗೆ ತೆಗೆದುಕೊಂಡರು. ಉಪ್ಪಿನ ಸತ್ಯಾಗ್ರಹಕ್ಕೆ ಹೊರಟ ಗಾಂಧೀಜಿ ಕೋಲೂರಿ ನಡೆಯುವ ಚಿತ್ರವನ್ನು ನಂದಲಾಲ್ ಬೋಸ್ 1930ರಲ್ಲಿ ಕೆತ್ತಿದ್ದು ಲಿನೋಲಿಯಮ್ಮಿನಲ್ಲೇ. ಕಪ್ಪು ನೆಲದಲ್ಲಿ ಕೆಲವೇ ಬಿಳಿ ಗೆರೆ. ಆ ಚಿತ್ರವನ್ನು ಮುಂದಿಟ್ಟುಕೊಂಡು ಎಲ್ಲಿ ಕೊರೆದಿದ್ದಾರೆ, ಎಲ್ಲಿ ಬಿಟ್ಟಿದ್ದಾರೆ ಎಂದು ಬೆರಳಿಟ್ಟು ಹುಡುಕಿಸಿದರೆ ಮಕ್ಕಳಿಗೆ ಅದಕ್ಕಿಂತ ದೊಡ್ಡ ಪಾಠ ಬೇಕಿಲ್ಲ ಎಂಬುದು ನನ್ನ ನಂಬಿಕೆ.

ನಮ್ಮ ಸೀಮೆಯ ಬಿಸಿಲಿನ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಲಿನೋಲಿಯಮ್ಮು ಗಡುಸು, ಅದನ್ನು ಕೆತ್ತುವ ಮೊದಲು ತುಸು ಹೊತ್ತು ಬಿಸಿಲಿಗೆ ಇಟ್ಟರೆ ಮೆತ್ತಗಾಗಿ ಕೈಗೆ ಒಗ್ಗುತ್ತದೆ. ಅಳಿಸುವ ರಬ್ಬರಿಗೆ ಹಾಗೆ ಮಾಡಬಾರದು. ಅದು ಮೊದಲೇ ಮೆದು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ವಿಜಯಪುರದ ಕೋಣೆಯೊಂದರಲ್ಲಿ ಕುಳಿತು ಕೆತ್ತಲು ಹೋದರೆ ಸಣ್ಣ ಗೆರೆಗಳು ಅಲಗಿನ ಒತ್ತಿಗೆ ಬಾಗಿ, ಅಂಚುಗಳು ಹಿಸುಕಿದಂತಾಗುತ್ತವೆ. ರಜೆಯ ದಿನಗಳಲ್ಲಿ ಈ ಕೆಲಸಕ್ಕೆ ಬೆಳಗಿನ ತಂಪು ಹೊತ್ತೇ ಸರಿ.

ಯಾವ ರಬ್ಬರನ್ನು ಕೊಳ್ಳಬೇಕು? ಬಿಳಿಯದು, ತುಸು ಬಿಗಿಯಾದದ್ದು, ಬಾಗಿಸಿದರೆ ಬಿರುಕು ಬಿಡದೆ ಬಾಗುವಂಥದ್ದು. ಪೆನ್ನಿನ ಶಾಯಿ ಅಳಿಸಲೆಂದು ಬರುವ ಒರಟು ರಬ್ಬರಿನಲ್ಲಿ ಮರಳಿನಂಥ ಪುಡಿ ಇರುತ್ತದೆ, ಅದು ಅಲಗನ್ನು ಮೊಂಡು ಮಾಡುತ್ತದೆ. ಕಂಪನಿಯ ಹೆಸರು ಒತ್ತಿರುವ ಬದಿಯನ್ನು ಬಿಟ್ಟು ನುಣುಪಾದ ಬದಿಯನ್ನು ಆರಿಸಿಕೊಳ್ಳಬೇಕು. ದೊಡ್ಡ ಚಿತ್ರ ಬೇಕೆಂದವರಿಗೆ ಕೆತ್ತನೆಗೆಂದೇ ತಯಾರಾದ ಮೆದು ಹಾಳೆಗಳು ಕಲಾ ಸಾಮಗ್ರಿಯ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಸಿಗುತ್ತವೆ, ಆದರೆ ಕಲಿಕೆಗೆ ಅವುಗಳ ಅಗತ್ಯವಿಲ್ಲ.

ತಿರುಗಿದ ಅಕ್ಷರ, ತಿರುಗದ ಗುಮ್ಮಟ

ಮುದ್ರೆಯಲ್ಲಿ ಎಡದಲ್ಲಿರುವುದು ಕಾಗದದಲ್ಲಿ ಬಲಕ್ಕೆ ಬರುತ್ತದೆ. ಕನ್ನಡಿಯಲ್ಲಿ ಕಂಡಂತೆ ತಿರುಗಿದ ಅಕ್ಷರವನ್ನು ಕೆತ್ತಿದರೆ ಮಾತ್ರ ಒತ್ತಿದಾಗ ನೇರವಾಗಿ ಓದಬಹುದು. ಇದನ್ನು ಕೇಳಿದಾಕ್ಷಣ ಹಲವರು ಹೆದರಿ, ತಿರುಗಿದ ಅಕ್ಷರವನ್ನು ಬರೆಯುವ ಅಭ್ಯಾಸಕ್ಕೆ ತೊಡಗುತ್ತಾರೆ. ಅದು ಬೇಕಾಗಿಯೇ ಇಲ್ಲ. ತೆಳುವಾದ ಕಾಗದದ ಮೇಲೆ ಮೆದು ಪೆನ್ಸಿಲ್ಲಿನಿಂದ, ಸಾಧ್ಯವಾದರೆ 4ಬಿ, ಚಿತ್ರವನ್ನು ನೇರವಾಗಿಯೇ ಗಾಢವಾಗಿ ಬರೆಯಬೇಕು. ಆ ಕಾಗದವನ್ನು ಮಗುಚಿ, ಪೆನ್ಸಿಲ್ ಗೆರೆ ರಬ್ಬರಿಗೆ ತಾಗುವಂತೆ ಇಟ್ಟು, ಅಲುಗಾಡದಂತೆ ಹಿಡಿದು, ಹಿಂಬದಿಯಿಂದ ಚಮಚದ ಬೆನ್ನಿನಿಂದಲೋ ಉಗುರಿನಿಂದಲೋ ಉಜ್ಜಬೇಕು. ಪೆನ್ಸಿಲ್ಲಿನ ಸೀಸ ರಬ್ಬರಿಗೆ ಅಂಟಿಕೊಳ್ಳುತ್ತದೆ, ಅದೂ ತಾನಾಗಿ ತಿರುಗಿಕೊಂಡು. ಮುಂದೆ ಕಾಗದಕ್ಕೆ ಒತ್ತಿದಾಗ ಇನ್ನೊಮ್ಮೆ ತಿರುಗುತ್ತದೆ. ಎರಡು ಸಲ ತಿರುಗಿದ್ದು ನೇರವಾಗುತ್ತದೆ. ಅನುಮಾನ ಬಂದರೆ ರಬ್ಬರಿನ ಮುಂದೆ ಪುಟ್ಟ ಕನ್ನಡಿ ಹಿಡಿದು ನೋಡಿದರಾಯಿತು. ಉಜ್ಜುವ ಮೊದಲು ರಬ್ಬರಿನ ಮೇಲಿನ ನಯವಾದ ಪುಡಿಯನ್ನು ಒರೆಸಿಕೊಳ್ಳುವುದು ಒಳ್ಳೆಯದು, ಇಲ್ಲದಿದ್ದರೆ ಸೀಸ ಸರಿಯಾಗಿ ಹತ್ತುವುದಿಲ್ಲ. ಜೆರಾಕ್ಸ್ ಪ್ರತಿಯನ್ನು ಉಗುರುಬಣ್ಣ ತೆಗೆಯುವ ದ್ರವದಿಂದ ಒದ್ದೆ ಮಾಡಿ ಇಳಿಸುವ ವಿಧಾನವನ್ನೂ ಕೆಲವರು ಬಳಸುತ್ತಾರೆ. ಆ ದ್ರವದಲ್ಲಿ ಅಸಿಟೋನ್ ಇದ್ದರೆ ಅದು ಪಿವಿಸಿ ರಬ್ಬರಿನ ಮೈಯನ್ನೇ ಕರಗಿಸಿ ಹಾಳುಮಾಡುತ್ತದೆ. ಮಕ್ಕಳಿರುವಲ್ಲಿ ಅದರ ಆವಿಯೂ ಬೇಡ, ಬೆಂಕಿಯ ಭಯವೂ ಬೇಡ. ಪೆನ್ಸಿಲ್ಲೇ ಸಾಕು.

ಎಡಬಲ ಒಂದೇ ಆಗಿರುವ ಚಿತ್ರಕ್ಕೆ ಈ ತಿರುಗಿಸುವ ಚಿಂತೆಯೇ ಇಲ್ಲ. ಮೊದಲ ಮುದ್ರೆಗೆ ಗೋಳಗುಮ್ಮಟವನ್ನು ನಾನು ಸೂಚಿಸುವುದು ಇದೇ ಕಾರಣಕ್ಕೆ. ಮೊಹಮ್ಮದ್ ಆದಿಲ್ ಶಾಹನ ಈ ಸಮಾಧಿಯನ್ನು ನೇರ ಎದುರಿನಿಂದ ನೋಡಿದರೆ ಒಂದು ಚೌಕ, ಅದರ ಮೇಲೊಂದು ಅರ್ಧಗೋಳ, ಎರಡು ಬದಿಗೆ ಏಳು ಅಂತಸ್ತಿನ ಎರಡು ಗೋಪುರ, ನಡುವೆ ಮೂರು ಕಮಾನು. ಅಷ್ಟರಲ್ಲೇ ವಿಜಯಪುರದ ಯಾವ ಮಗುವೂ ಅದನ್ನು ಗುರುತಿಸುತ್ತದೆ. ಗೋಪುರದ ಅಂತಸ್ತುಗಳನ್ನು ಆರು ಅಡ್ಡ ಗೀರುಗಳಲ್ಲಿ ತೋರಿಸಬಹುದು, ಕಿಟಕಿಗಳನ್ನು ಬಿಟ್ಟುಬಿಡಬಹುದು. ಯಾವುದನ್ನು ಬಿಟ್ಟರೂ ಕಟ್ಟಡ ಕಟ್ಟಡವಾಗಿಯೇ ಉಳಿಯುತ್ತದೆ, ಯಾವುದನ್ನು ಬಿಟ್ಟರೆ ಗುರುತೇ ಸಿಗುವುದಿಲ್ಲ ಎಂದು ಮಕ್ಕಳು ತಮ್ಮೊಳಗೇ ವಾದಿಸಿಕೊಳ್ಳಲಿ. ಚಿತ್ರ ಬರೆಯುವುದಕ್ಕಿಂತ ಈ ವಾದದಲ್ಲಿ ಅವರು ಕಟ್ಟಡವನ್ನು ಹೆಚ್ಚು ಚೆನ್ನಾಗಿ ನೋಡುತ್ತಾರೆ.

ಕಸೂತಿಯ ಚಿತ್ತಾರಗಳೂ ಹೀಗೆಯೇ ಒದಗಿಬರುತ್ತವೆ. ಬಟ್ಟೆಯ ಎಳೆ ಎಣಿಸಿ ಹಾಕುವ ಗವಂತಿ, ಮುರ್ಗಿ, ನೇಯ್ಗಿ, ಮೆಂಥಿ ಹೊಲಿಗೆಗಳು ನೇರ ಗೆರೆ, ಓರೆ ಗೆರೆ, ಮೆಟ್ಟಿಲು, ಕತ್ತರಿಗಳಲ್ಲೇ ಗೋಪುರ, ತೇರು, ತುಳಸಿಕಟ್ಟೆ, ಕಮಲಗಳನ್ನು ಕಟ್ಟುತ್ತವೆ. ಬಾಗಿದ ಗೆರೆ ಇಲ್ಲದ್ದರಿಂದ ಚೌಕಳಿ ಹಾಳೆಯ ಮೇಲೆ ಬರೆದು ನೇರ ಅಲಗಿನಿಂದ ಕೆತ್ತಬಹುದು. ಮನೆಯಲ್ಲಿ ಅಜ್ಜಿಯ ಕಸೂತಿ ಸೀರೆಯೋ ಕುಪ್ಪಸವೋ ಇದ್ದರೆ ಅದನ್ನು ಹರಡಿ, ಎಳೆ ಎಣಿಸಿ ಬರೆದುಕೊಳ್ಳುವುದರಿಂದಲೇ ಶುರು ಮಾಡಿ. ಇಳಕಲ್ ಸೀರೆಯ ಸೆರಗು ಇನ್ನೂ ಹತ್ತಿರದ ಪಾಠ. ಕೆಂಪು ನೆಲದಲ್ಲಿ ಬಿಳಿಯಾಗಿ ಎದ್ದುಕಾಣುವ ತೋಪುತೆನೆಯ ಸಾಲನ್ನು ಮುದ್ರೆಯಾಗಿಸಬೇಕೆಂದರೆ ತೆನೆಯನ್ನೇ ಕೊರೆದು ತೆಗೆದು, ನೆಲವನ್ನು ಹಾಗೆಯೇ ಬಿಟ್ಟು, ಕೆಂಪು ಶಾಯಿಯಲ್ಲಿ ಒತ್ತಿದರೆ ಸಾಕು.

ಈ ಬಿಳಿ ಗೆರೆಯ ದಾರಿಯೇ ಹೊಸಬರಿಗೆ ಒಳ್ಳೆಯದು. ಗೆರೆಯನ್ನು ಕೊರೆದರೆ ಒಂದೇ ಕೊರೆತದಲ್ಲಿ ಗೆರೆ ಬಂದಂತೆ. ಗೆರೆಯನ್ನು ಉಳಿಸಬೇಕೆಂದರೆ ಅದರ ಎರಡೂ ಬದಿಗೆ ಕೊರೆದು, ಸುತ್ತಲಿನ ಬಯಲನ್ನೆಲ್ಲ ತೆಗೆಯಬೇಕು. ಕೆಲಸ ಹಲವು ಪಟ್ಟು ಹೆಚ್ಚು, ಫಲವೂ ಬೇರೆ ರೀತಿಯದು.

ಕನ್ನಡ ಅಕ್ಷರಗಳ ಬಗ್ಗೆ ಒಂದು ಮಾತು. ದುಂಡಗಿರುವುದರಿಂದ ಅವು ಕೆತ್ತಲು ಕಷ್ಟ ಎಂದು ತೋರುತ್ತದೆ, ಆದರೆ ಮುಂದೆ ಹೇಳುವ ವಿಧಾನದಲ್ಲಿ ಅಲಗನ್ನು ಹಿಡಿದಲ್ಲೇ ಹಿಡಿದು ರಬ್ಬರನ್ನು ತಿರುಗಿಸುವುದರಿಂದ ದುಂಡು ಗೆರೆ ಸಲೀಸಾಗಿ ಬರುತ್ತದೆ. ತೊಡಕು ಇರುವುದು ಒತ್ತಕ್ಷರಗಳಲ್ಲಿ ಮತ್ತು ಸುತ್ತಿನೊಳಗಿನ ಸಣ್ಣ ಬಿಳಿ ಜಾಗಗಳಲ್ಲಿ. ಆ ಜಾಗ ಕಿರಿದಾದರೆ ಶಾಯಿ ತುಂಬಿಕೊಂಡು ಠ, ರ ಎರಡೂ ಒಂದೇ ಕಪ್ಪು ಉಂಡೆಯಾಗಿಬಿಡುತ್ತವೆ. ಅಕ್ಷರ ಒಂದೂವರೆ ಸೆಂಟಿಮೀಟರಿಗಿಂತ ಎತ್ತರವಿರಲಿ, ಒಳಗಿನ ಬಯಲನ್ನು ನಿಜಕ್ಕಿಂತ ತುಸು ಅಗಲವಾಗಿ ಬರೆದುಕೊಳ್ಳಲಿ.

ವಿಜಯಪುರದ ಇಬ್ರಾಹಿಂ ರೋಜಾದ ಕಿಟಕಿಗಳನ್ನು ನೋಡಿದವರಿಗೆ ಇಲ್ಲೊಂದು ಸೊಗಸಾದ ವ್ಯತ್ಯಾಸ ಕಾಣುತ್ತದೆ. ಅಲ್ಲಿ ಅರಬ್ಬಿ ಅಕ್ಷರಗಳನ್ನೇ ಕಲ್ಲಿನ ಜಾಲರಿಯಾಗಿ ಕೊರೆದಿದ್ದಾರೆ, ಅಕ್ಷರಗಳ ನಡುವಿನ ಖಾಲಿ ಜಾಗದಿಂದ ಬೆಳಕು ಒಳಗೆ ಬರುತ್ತದೆ. ಕಲ್ಲನ್ನು ಆರಪಾರ ಕೊರೆದಿರುವುದರಿಂದ ಪ್ರತಿ ಅಕ್ಷರವೂ ಪಕ್ಕದ ಅಕ್ಷರವನ್ನೋ ಚೌಕಟ್ಟನ್ನೋ ಮುಟ್ಟಿಕೊಂಡಿರಲೇಬೇಕು, ಇಲ್ಲದಿದ್ದರೆ ಬಿದ್ದುಹೋಗುತ್ತದೆ. ಮುದ್ರೆಗೆ ಆ ಕಟ್ಟುಪಾಡಿಲ್ಲ. ನಾವು ರಬ್ಬರನ್ನು ಒಂದೆರಡು ಮಿಲಿಮೀಟರಿನಷ್ಟು ಮಾತ್ರ ಕೊರೆಯುತ್ತೇವೆ, ಕೆಳಗೆ ತಳ ಇದ್ದೇ ಇರುತ್ತದೆ. ಆದ್ದರಿಂದ ಠ ಅಕ್ಷರದೊಳಗಿನ ಚುಕ್ಕೆ ಯಾವುದನ್ನೂ ಮುಟ್ಟದೆ ಒಂಟಿಯಾಗಿ ನಿಲ್ಲಬಲ್ಲದು.

ಅಲಗು ಮತ್ತು ಇಳಿಜಾರು

ಕೆತ್ತಲು ಇಂಗ್ಲಿಷಿನ ವಿ ಮತ್ತು ಯು ಆಕಾರದ ಬಾಯಿಯ ಸಣ್ಣ ಉಳಿಗಳು ಲಿನೋ ಕಟರ್ ಎಂಬ ಹೆಸರಿನಲ್ಲಿ ಸಿಗುತ್ತವೆ. ವಿ ಬಾಯಿ ಗೆರೆಗೆ, ಯು ಬಾಯಿ ಬಯಲು ತೆಗೆಯಲು. ಹಳೆಯ ಕೊಡೆಯ ಕಡ್ಡಿಯನ್ನು ಗಮನಿಸಿ ನೋಡಿ, ಅದು ಪುಟ್ಟ ದೋಣಿಯಂತೆ ಮಡಚಿದ ತಗಡು. ಅದರ ತುದಿಯನ್ನು ದೊಡ್ಡವರು ಸಾಣೆಕಲ್ಲಿಗೆ ತಿಕ್ಕಿ ಹರಿತ ಮಾಡಿ, ಹಿಂಬದಿಗೆ ಮರದ ಹಿಡಿ ಕೂಡಿಸಿದರೆ ರಬ್ಬರಿಗೆ ಸಾಕಾಗುವ ಉಳಿ ಆಗುತ್ತದೆ. ಸಣ್ಣ ಕೆಲಸಕ್ಕೆ ಪೆನ್ನಿನಂತೆ ಹಿಡಿಯುವ ಚೂಪು ಅಲಗಿನ ಚಾಕು ಬೇಕು.

ಈಗ ಇಡೀ ಕೆಲಸದ ಗುಟ್ಟಿಗೆ ಬರೋಣ. ಉಳಿಯಬೇಕಾದ ಗೆರೆಯ ಅಂಚಿನಲ್ಲಿ ಅಲಗನ್ನು ನೆಟ್ಟಗೆ ಇಳಿಸಬಾರದು. ಗೆರೆಯ ಅಡಿಗೆ ನುಗ್ಗುವಂತೆಯಂತೂ ಖಂಡಿತ ಇಳಿಸಬಾರದು. ಅಲಗಿನ ತುದಿ ಗೆರೆಯಿಂದ ಆಚೆಗೆ ಸಾಗುವಂತೆ, ಓರೆಯಾಗಿ ಇಳಿಯಬೇಕು. ಎರಡೂ ಬದಿಯಲ್ಲಿ ಹೀಗೆ ಕತ್ತರಿಸಿದಾಗ ಗೆರೆಯ ತಲೆ ಕಿರಿದು, ಬುಡ ಅಗಲ. ಹೊಲದ ಒಡ್ಡನ್ನು ನೆನೆಸಿಕೊಳ್ಳಿ: ಬುಡ ಅಗಲವಿರುವ ಒಡ್ಡು ಮಳೆಯ ನೀರನ್ನು ತಡೆದು ನಿಲ್ಲುತ್ತದೆ, ಬುಡ ಕೊರೆದ ಒಡ್ಡು ಮೊದಲ ಹೊಡೆತಕ್ಕೇ ಕುಸಿಯುತ್ತದೆ. ರಬ್ಬರಿನ ಗೆರೆಗೂ ಮುದ್ರೆ ಒತ್ತುವಾಗ ಮೇಲಿನಿಂದ ಭಾರ ಬೀಳುತ್ತದೆ. ಬುಡ ಸಣ್ಣದಾಗಿದ್ದರೆ ಗೆರೆ ಪಕ್ಕಕ್ಕೆ ವಾಲಿ, ಕಾಗದದಲ್ಲಿ ಎರಡೆರಡಾಗಿ ಮೂಡುತ್ತದೆ, ಕೆಲವು ಸಲ ಒತ್ತಿದ ಮೇಲೆ ಕಿತ್ತುಕೊಂಡೇ ಬರುತ್ತದೆ. ಅಂಗಡಿಯಲ್ಲಿ ಕೊಂಡ ಮುದ್ರೆಯನ್ನು ಪಕ್ಕದಿಂದ ನೋಡಿದರೂ ಅಕ್ಷರಗಳ ಬದಿಗಳು ಇಳಿಜಾರಾಗಿರುವುದು ಕಾಣುತ್ತದೆ.

ಚಾಕುವಿನಿಂದ ಕೆತ್ತುವಾಗ ಗೆರೆಯ ಪಕ್ಕದಲ್ಲಿ ಒಂದು ಓರೆ ಕೊಯ್ತ, ಆಮೇಲೆ ಆಚೆ ಬದಿಯಿಂದ ಅದನ್ನು ಕೂಡುವಂತೆ ಇನ್ನೊಂದು ಓರೆ ಕೊಯ್ತ. ಎರಡೂ ಕೆಳಗೆ ಸೇರಿದಾಗ ರಬ್ಬರಿನ ಎಳೆಯೊಂದು ಸುರುಳಿಯಾಗಿ ಎದ್ದುಬರುತ್ತದೆ. ಅದು ತಾನಾಗಿ ಬರದಿದ್ದರೆ ಎರಡು ಕೊಯ್ತಗಳು ಎಲ್ಲೋ ಸೇರಿಲ್ಲ ಎಂದು ಅರ್ಥ. ಎಳೆದು ಕೀಳಲು ಹೋಗದೆ ಇನ್ನೊಮ್ಮೆ ಅಲಗು ಹಾಯಿಸಬೇಕು, ಕಿತ್ತರೆ ಬೇಕಾದ ಗೆರೆಯ ಚೂರೂ ಜೊತೆಗೆ ಬರುತ್ತದೆ. ಬಾಗಿದ ಗೆರೆ ಬಂದಾಗ ಚಾಕುವಿನ ಕೈ ಅದೇ ಕೋನದಲ್ಲಿ ನಿಂತಿರಲಿ, ಇನ್ನೊಂದು ಕೈ ರಬ್ಬರನ್ನು ನಿಧಾನವಾಗಿ ತಿರುಗಿಸುತ್ತಿರಲಿ. ಮಣಿಕಟ್ಟನ್ನು ತಿರುಗಿಸಿ ಸುತ್ತು ಹಾಕಲು ಹೋದರೆ ಓರೆ ಕೋನ ಅರ್ಧ ದಾರಿಯಲ್ಲಿ ತಪ್ಪಿ, ಅಲಗು ಗೆರೆಯ ಅಡಿಗೆ ನುಗ್ಗುತ್ತದೆ.

ಕ್ರಮವೂ ಮುಖ್ಯ. ಮೊದಲು ಒಳಗಿನ ಸಣ್ಣ ಜಾಗಗಳು: ಕಣ್ಣು, ಹೂವಿನ ನಡುವಿನ ಚುಕ್ಕೆಗಳು, ಅಕ್ಷರದ ಹೊಟ್ಟೆ. ಸುತ್ತಲಿನ ರಬ್ಬರು ಗಟ್ಟಿಯಾಗಿ ಆಧಾರ ಕೊಡುವಾಗಲೇ ಅವನ್ನು ಮುಗಿಸಿಕೊಳ್ಳಬೇಕು. ಆಮೇಲೆ ಹೊರ ಅಂಚು, ಕೊನೆಗೆ ದೊಡ್ಡ ಬಯಲು. ಬಯಲು ದೊಡ್ಡದಾದಷ್ಟೂ ಆಳ ಹೆಚ್ಚು ಬೇಕು. ಒತ್ತಿದಾಗ ಮೆದು ರಬ್ಬರೂ ಕಾಗದವೂ ತುಸು ಬಾಗುತ್ತವೆ. ಎರಡು ಗೆರೆಗಳ ನಡುವಿನ ಕಿರಿದಾದ ಓಣಿಯಲ್ಲಿ ಕಾಗದ ಒಳಗಿಳಿಯಲಾರದು, ಅಗಲವಾದ ಬಯಲಿನಲ್ಲಿ ಇಳಿದು ತಳವನ್ನು ಮುಟ್ಟಿ ಅಲ್ಲಿನ ಶಾಯಿಯನ್ನೂ ಎತ್ತಿಕೊಳ್ಳುತ್ತದೆ. ಚಿತ್ರದ ಸುತ್ತ ಬೇಡದ ಗೀರುಗಳು ಮೂಡುವುದು ಇದರಿಂದಲೇ. ಅಂಥ ಗೀರುಗಳನ್ನು ಪೂರ್ತಿ ಅಳಿಸಬೇಕೆಂಬ ಹಟ ನನಗಿಲ್ಲ. ಒಂದೇ ದಿಕ್ಕಿಗೆ ಹರಿದ ಕೆಲವು ಗೀರುಗಳು ಚಿತ್ರಕ್ಕೆ ಗಾಳಿಯನ್ನೋ ನೀರನ್ನೋ ಕೊಡುತ್ತವೆ, ಕೈಯಿಂದ ಕೆತ್ತಿದ್ದು ಎಂಬುದನ್ನೂ ಹೇಳುತ್ತವೆ.

ಸುರಕ್ಷತೆಯ ನಿಯಮ ಒಂದೇ, ಆದರೆ ಅದಕ್ಕೆ ವಿನಾಯಿತಿ ಇಲ್ಲ: ರಬ್ಬರನ್ನು ಹಿಡಿದ ಕೈ ಯಾವಾಗಲೂ ಅಲಗಿನ ಹಿಂದೆ ಇರಬೇಕು, ಮುಂದೆ ಎಂದಿಗೂ ಇರಬಾರದು. ರಬ್ಬರು ತಿರುಗಿದ ಹಾಗೆ ಕೈಯೂ ಜಾಗ ಬದಲಿಸಬೇಕು. ಮೊಂಡು ಅಲಗು ಹರಿತವಾದದ್ದಕ್ಕಿಂತ ಹೆಚ್ಚು ಅಪಾಯ, ಏಕೆಂದರೆ ಬಲ ಹಾಕಬೇಕಾಗುತ್ತದೆ, ಬಲ ಹಾಕಿದ ಕೈ ಜಾರಿದರೆ ನಿಲ್ಲುವುದಿಲ್ಲ. ರಬ್ಬರನ್ನು ಅಂಗೈಯಲ್ಲಿ ಹಿಡಿದು ಕೆತ್ತದೆ ಹಲಗೆಯ ಮೇಲಿಟ್ಟು ಕೆತ್ತಬೇಕು.

ಮಕ್ಕಳ ಕೈಗೆ ಯಾವಾಗ ಯಾವುದನ್ನು ಕೊಡಬೇಕು ಎಂಬುದರಲ್ಲಿ ನನ್ನ ಅಭಿಪ್ರಾಯ ಹೀಗಿದೆ. ಏಳೆಂಟು ವರ್ಷದ ಒಳಗಿನವರಿಗೆ ಅಲಗೇ ಬೇಡ. ಅಡ್ಡಕ್ಕೆ ಕತ್ತರಿಸಿದ ಬೆಂಡೆಕಾಯಿ ಐದು ಎಸಳಿನ ಹೂವನ್ನು ಒತ್ತುತ್ತದೆ, ಹೀರೇಕಾಯಿಯ ಏಣುಗಳು ಚಕ್ರವಾಗುತ್ತವೆ. ಉಬ್ಬು ಮೂಡುತ್ತದೆ, ತಗ್ಗು ಮೂಡುವುದಿಲ್ಲ ಎಂಬ ಪಾಠ ಅಲ್ಲಿಯೇ ಆಗುತ್ತದೆ. ಹಳೆಯ ಸೈಕಲ್ ಟ್ಯೂಬನ್ನು ಕತ್ತರಿಯಿಂದ ಮೀನು, ಎಲೆ, ಚಂದ್ರ ಎಂದು ಕತ್ತರಿಸಿ ಮರದ ತುಂಡಿಗೆ ಅಂಟಿಸಿದರೆ ತುಂಬ ದಿನ ಬಾಳುವ ಒಳ್ಳೆಯ ಮುದ್ರೆಯಾಗುತ್ತದೆ. ಕೊರೆಯಲು ಒಗ್ಗದ ಟ್ಯೂಬು ಇಲ್ಲಿ ಒಗ್ಗುತ್ತದೆ. ಒಂಬತ್ತು ಹತ್ತರ ಹೊತ್ತಿಗೆ, ಪಕ್ಕದಲ್ಲಿ ದೊಡ್ಡವರೊಬ್ಬರು ಕುಳಿತಿದ್ದರೆ, ಉಳಿಯಿಂದ ಬಿಳಿ ಗೆರೆ ಕೊರೆಯಬಹುದು. ಚೂಪು ಚಾಕು ಹನ್ನೆರಡರ ನಂತರ, ಅದೂ ಮಗುವಿನ ಕೈ ನೋಡಿ. ತರಗತಿಯಲ್ಲಿ ನಲವತ್ತು ಮಕ್ಕಳಿಗೆ ಒಟ್ಟಿಗೆ ಚಾಕು ಹಂಚುವುದನ್ನು ನಾನು ಒಪ್ಪುವುದಿಲ್ಲ. ನಾಲ್ಕೈದು ಮಕ್ಕಳು ಕೆತ್ತುವಾಗ ಉಳಿದವರು ಬರೆಯಲಿ, ಒತ್ತಲಿ.

ದೊಡ್ಡವರಿಗೆ ಈ ಕೆಲಸ ಬೇರೆ ಕಾರಣಕ್ಕೆ ಹಿಡಿಸುತ್ತದೆ. ಮೊಬೈಲನ್ನು ಕೆಳಗಿಡದೆ ಇದನ್ನು ಮಾಡಲು ಬರುವುದೇ ಇಲ್ಲ, ಎರಡೂ ಕೈ ಬೇಕು, ಕಣ್ಣು ಅಲಗಿನ ತುದಿಯಲ್ಲೇ ಇರಬೇಕು. ಜಪಾನಿನಲ್ಲಿ ರಬ್ಬರಿನ ಮುದ್ರೆ ಕೆತ್ತುವುದು ದೊಡ್ಡವರ ಹವ್ಯಾಸವಾಗಿಯೇ ಬೆಳೆದಿದೆ. 1962ರಲ್ಲಿ ಹುಟ್ಟಿ 2002ರಲ್ಲಿ ತೀರಿಕೊಂಡ ನ್ಯಾನ್ಸಿ ಸೆಕಿ ಎಂಬ ಅಂಕಣಕಾರ್ತಿ ಅಲ್ಲಿನ ಟಿವಿ ತಾರೆಯರ ಮುಖಗಳನ್ನು ಅಳಿಸುವ ರಬ್ಬರಿನಲ್ಲಿ ಕೆತ್ತಿ ತಮ್ಮ ಬರಹಗಳ ಜೊತೆ ಅಚ್ಚು ಹಾಕಿಸುತ್ತಿದ್ದರು. ಶಾಲೆಯ ಡೆಸ್ಕಿನ ವಸ್ತುವಿನಿಂದ ಒಂದು ಪೂರ್ಣ ಕಲಾಜೀವನವೇ ಸಾಧ್ಯವಾಯಿತು.

ಒತ್ತುವುದು

ಸ್ಟ್ಯಾಂಪ್ ಪ್ಯಾಡಿನ ಶಾಯಿ ಸಾಮಾನ್ಯವಾಗಿ ಕಾಗದದೊಳಗೆ ಇಂಗುವ ಬಣ್ಣದ ನೀರು. ಬೇಗ ಒಣಗುತ್ತದೆ, ಆದರೆ ಒರಟು ಕಾಗದದಲ್ಲಿ ಹರಡಿ ಸಣ್ಣ ಗೆರೆಗಳನ್ನು ದಪ್ಪಗಾಗಿಸುತ್ತದೆ. ಬಣ್ಣದ ಪುಡಿಯಿಂದ ಮಾಡಿದ ಪಿಗ್ಮೆಂಟ್ ಶಾಯಿ ಕಾಗದದ ಮೇಲ್ಮೈಯಲ್ಲೇ ಕುಳಿತು ಗೆರೆಯನ್ನು ಚೊಕ್ಕಟವಾಗಿ ತೋರಿಸುತ್ತದೆ, ಒಣಗಲು ಮಾತ್ರ ಹೊತ್ತು ಬೇಕು. ಮುದ್ರೆಯನ್ನು ಪ್ಯಾಡಿಗೆ ಜೋರಾಗಿ ಒತ್ತಿದರೆ ಶಾಯಿ ತಗ್ಗುಗಳಿಗೂ ಇಳಿಯುತ್ತದೆ. ಮುದ್ರೆಯ ಮುಖವನ್ನು ಮೇಲೆ ಮಾಡಿ ಹಿಡಿದು, ಪ್ಯಾಡನ್ನೇ ಅದರ ಮೇಲೆ ಮೆಲ್ಲಗೆ ತಟ್ಟುವುದು ಉತ್ತಮ ಕ್ರಮ. ಕಾಗದದ ಅಡಿಗೆ ನಾಲ್ಕಾರು ಹಾಳೆಯ ಹಾಸು ಇರಲಿ. ನೇರವಾಗಿ ಇಟ್ಟು, ಅಲುಗಿಸದೆ ಒತ್ತಿ, ನೇರವಾಗಿ ಎತ್ತಬೇಕು. ಕಚೇರಿಯವರಂತೆ ಕುಟ್ಟಬಾರದು, ಈ ರಬ್ಬರು ಅದಕ್ಕಿಂತ ಮೆದು. ಮೊದಲ ಅಚ್ಚು ತೆಗೆದ ಮೇಲೆ ಎಲ್ಲಿ ಇನ್ನೂ ಕೊರೆಯಬೇಕು ಎಂಬುದು ಕಾಗದದಲ್ಲೇ ಕಾಣುತ್ತದೆ. ಸ್ವಲ್ಪ ಸ್ವಲ್ಪವೇ ತೆಗೆಯಿರಿ, ತೆಗೆದದ್ದನ್ನು ಮರಳಿ ಅಂಟಿಸಲಾಗದು.

ಬಟ್ಟೆಗೆ ಒತ್ತುವುದಾದರೆ ಪ್ಯಾಡಿನ ಶಾಯಿ ತೊಳೆದರೆ ಹೋಗುತ್ತದೆ. ಬಟ್ಟೆಯ ಬಣ್ಣವನ್ನು ಸ್ಪಂಜಿನಿಂದ ತೆಳ್ಳಗೆ ಹಚ್ಚಿ ಒತ್ತಿ, ಒಣಗಿದ ಮೇಲೆ ಹಿಂಬದಿಯಿಂದ ಇಸ್ತ್ರಿ ಹಾಕಬೇಕು. ಒಂದೇ ಮುದ್ರೆಯನ್ನು ಸಾಲಾಗಿ ಒತ್ತಿ ಅಂಚು ಕಟ್ಟುವುದು, ಸಾಲು ಬಿಟ್ಟು ಸಾಲಿಗೆ ಅರ್ಧ ಸರಿಸಿ ಬಯಲು ತುಂಬುವುದು, ಎರಡು ಬಣ್ಣಕ್ಕೆ ಎರಡು ರಬ್ಬರು ಕೆತ್ತಿ ಕಾಗದದ ಮೂಲೆಗೆ ಹೊಂದಿಸಿ ಒತ್ತುವುದು ಇವೆಲ್ಲ ಕೈ ಪಳಗಿದ ಹಾಗೆ ತಾವಾಗಿ ಬರುತ್ತವೆ.

ಮುದ್ರೆ ಕೆತ್ತಿದವರಿಗೆ ಅದನ್ನು ಇನ್ನೊಬ್ಬರ ಪುಸ್ತಕದಲ್ಲಿ ಒತ್ತುವ ಆಸೆ ಬರುವುದು ಸಹಜ. ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ 1854ರಲ್ಲಿ ಜೇಮ್ಸ್ ಪೆರೊಟ್ ಎಂಬ ಮಾರ್ಗದರ್ಶಿ ದೂರದ ಕ್ರಾನ್‌ಮಿಯರ್ ಕೊಳದ ಬಳಿ ಬಾಟಲಿಯೊಂದನ್ನು ಇಟ್ಟ, ಅಲ್ಲಿಯವರೆಗೆ ನಡೆದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕಿ ಹೋಗುತ್ತಿದ್ದರು. ಮುಂದೆ ಅದು ಬೆಳೆದು, ಅಡಗಿಸಿಟ್ಟ ಡಬ್ಬಿಯಲ್ಲಿ ಒಂದು ಮುದ್ರೆ, ಒಂದು ಪುಸ್ತಕ ಇರುವ ಆಟವಾಯಿತು. ಹುಡುಕಿದವರು ಡಬ್ಬಿಯ ಮುದ್ರೆಯನ್ನು ತಮ್ಮ ಪುಸ್ತಕಕ್ಕೂ, ತಮ್ಮ ಮುದ್ರೆಯನ್ನು ಡಬ್ಬಿಯ ಪುಸ್ತಕಕ್ಕೂ ಒತ್ತಿಕೊಂಡು ಮುಂದೆ ಸಾಗುತ್ತಾರೆ. ಇದನ್ನು ನಮ್ಮಲ್ಲಿಯೂ ಆಡಬಹುದು: ನೆಂಟರ ಮನೆಗಳಲ್ಲಿ, ಶಾಲೆಯ ಗ್ರಂಥಾಲಯದಲ್ಲಿ, ಒಪ್ಪಿಗೆ ಪಡೆದು ಊರಿನ ಅಂಗಡಿಯೊಂದರಲ್ಲಿ. ಬಾದಾಮಿ, ಐಹೊಳೆ, 1987ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿರುವ ಪಟ್ಟದಕಲ್ಲು, ಗೋಳಗುಮ್ಮಟ ಇಂಥ ಸಂರಕ್ಷಿತ ಸ್ಮಾರಕಗಳಲ್ಲಿ ಮಾತ್ರ ಡಬ್ಬಿ ಅಡಗಿಸುವುದಾಗಲಿ, ಕಲ್ಲಿಗೆ ಕಾಗದ ಹಚ್ಚಿ ಉಜ್ಜಿ ಅಚ್ಚು ತೆಗೆಯುವುದಾಗಲಿ, ಮುದ್ರೆ ಒತ್ತುವುದಾಗಲಿ ಸಲ್ಲದು. ಅಲ್ಲಿ ಕುಳಿತು ಪುಸ್ತಕದಲ್ಲಿ ಚಿತ್ರ ಬರೆದುಕೊಳ್ಳಿ, ಮನೆಗೆ ಬಂದು ಕೆತ್ತಿ. ಚಾಲುಕ್ಯರ ತಾಮ್ರಪಟಗಳ ಉಂಗುರಕ್ಕೆ ಬೆಸೆದಿದ್ದ ವರಾಹ ಲಾಂಛನ ಬಾಗಲಕೋಟೆಯ ಮಗುವೊಂದರ ಪುಸ್ತಕದ ಮೊದಲ ಪುಟಕ್ಕೆ ಬಹಳ ಒಪ್ಪುತ್ತದೆ.

ಕೆಲಸ ಮುಗಿದ ಮೇಲೆ ಮುದ್ರೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ತಗ್ಗುಗಳಲ್ಲಿ ನಿಂತ ಶಾಯಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ತೆಗೆಯಿರಿ. ಕಲೆ ಉಳಿದರೆ ಚಿಂತೆಯಿಲ್ಲ, ಅಚ್ಚಿಗೆ ಅದರಿಂದ ಬಾಧೆಯಿಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಗೆಯೇ ಹಾಕಿಡಬೇಡಿ. ಕಂಪಾಸ್ ಪೆಟ್ಟಿಗೆಯಲ್ಲಿ ರಬ್ಬರು ಸ್ಕೇಲಿಗೆ ಅಂಟಿಕೊಂಡು ಅದನ್ನು ಕರಗಿಸಿದ್ದನ್ನು ನೋಡಿರುತ್ತೀರಿ. ಮೊದಲು ಹೇಳಿದ ಆ ಮೆದುಗೊಳಿಸುವ ದ್ರವ್ಯ ನಿಧಾನವಾಗಿ ಹೊರಬಂದು ಪಕ್ಕದ ಪ್ಲಾಸ್ಟಿಕ್ಕಿಗೆ ಇಳಿಯುವುದರಿಂದ ಹಾಗಾಗುತ್ತದೆ. ಎರಡು ಮುದ್ರೆಗಳನ್ನು ಮುಖಕ್ಕೆ ಮುಖ ಹಚ್ಚಿ ಇಟ್ಟರೂ ಅಂಟಿಕೊಂಡು ಗೆರೆಗಳು ಕೆಡುತ್ತವೆ. ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ಅದೇ ಕಾಗದದ ಮೇಲೆ ಅದರ ಅಚ್ಚನ್ನು ಒತ್ತಿ, ಬಿಸಿಲು ತಾಗದ ಕಡೆ ರಟ್ಟಿನ ಪೆಟ್ಟಿಗೆಯಲ್ಲಿಟ್ಟರೆ ಬಿಚ್ಚದೆಯೇ ಯಾವುದು ಯಾವುದೆಂದು ತಿಳಿಯುತ್ತದೆ. ಸವೆದ ಮುದ್ರೆಯ ಹಿಂಬದಿ ಇನ್ನೂ ಖಾಲಿ ಇದೆ, ಅಲ್ಲಿ ಇನ್ನೊಂದನ್ನು ಕೆತ್ತಬಹುದು.